ನೀಲಿ ಬೆನ್ನಿನ ಪುಸ್ತಕ

ಶಿಕ್ಷಣಾಧಿಕಾರಿಗಳಿಗೆ ಬೋರ್ಡು ಬರೆಯುವ ಪೇಂಟರನ ನಮಸ್ಕಾರಗಳು.

ನಮ್ಮ ಕೊಳೆಗೇರಿ ಶಾಲೆಯ ಗ್ರಂಥಾಲಯದ ಫೋಟೊ ನಿಮ್ಮ ಕಡತದಲ್ಲಿದೆ. ದಯವಿಟ್ಟು ಅದನ್ನೊಮ್ಮೆ ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಕಿಟಕಿ ಎಡಕ್ಕಿದೆ, ಪುಸ್ತಕಗಳ ನೆರಳೂ ಎಡಕ್ಕೇ ಬಿದ್ದಿದೆ. ಹಾಗೆ ಬೀಳುವುದುಂಟೇ? ಆ ತಪ್ಪು ನನ್ನದು. ಹಲಗೆಗಳು ಮಾತ್ರ ನಿಜ. ಪುಸ್ತಕಗಳೆಲ್ಲ ನಾನು ಗೋಡೆಗೆ ಬಳಿದ ಬಣ್ಣ.

ಪುಸ್ತಕ ಕೊಳ್ಳುವ ಅನುದಾನ ಬಂದಿರಲಿಲ್ಲ, ಗ್ರಂಥಾಲಯದ ವರದಿಯ ಗಡುವು ಬಂದಿತ್ತು. "ಫೋಟೊಗೆ ತಾನೇ ಪೇಂಟರಣ್ಣ, ಬರೆದ್ಬಿಡಿ. ಇಲ್ದಿದ್ರೆ ಮುಂದಿನ ವರ್ಷದ್ದೂ ಸಿಗಲ್ಲ" ಎಂದರು ಹೆಡ್‌ಮೇಡಂ. ಪುಸ್ತಕಗಳ ಹೆಸರು ಹೊಳೆಯದೆ, ಕೈಗೆ ರೂಢಿಯಾದದ್ದನ್ನೇ ಅವುಗಳ ಬೆನ್ನಿನ ಮೇಲೆ ಬರೆದೆ: 'ಹಲ್ಲಿನ ಆಸ್ಪತ್ರೆ', 'ಇಲ್ಲಿ ಪಂಕ್ಚರ್ ಹಾಕಲಾಗುವುದು'. ನಿಮ್ಮ ಕಚೇರಿಯಲ್ಲಿ ಒಬ್ಬರೂ ಓದಲಿಲ್ಲ. 'ಗ್ರಂಥಾಲಯ ತುಂಬಿದೆ, ಇನ್ನು ಅನುದಾನ ಬೇಕಿಲ್ಲ' ಎಂದು ಉತ್ತರ ಬಂತು.

ಆ ಗೋಡೆಗೆ ಸುಣ್ಣ ಬಳಿಯಲು ಅಪ್ಪಣೆ ಕೊಡಿ. ಸುಣ್ಣ ನಾನೇ ತರುತ್ತೇನೆ. ಬೋಳು ಗೋಡೆಯ ಫೋಟೊ ತೆಗೆಸಿ ಕಳಿಸುತ್ತೇನೆ, ಹಳೆಯದರ ಜಾಗದಲ್ಲಿ ಅದನ್ನಿಡಿ.

ಇಷ್ಟು ಆತುರವೇಕೆಂದರೆ, ಒಂದನೇ ಕ್ಲಾಸಿನ ನನ್ನ ಮಗಳು ಹೋದ ವಾರ ಉಗುರು ಕಿತ್ತುಕೊಂಡು ಮನೆಗೆ ಬಂದಳು. "ಅಪ್ಪಾ, ಆ ನೀಲಿ ಪುಸ್ತಕ ಎಷ್ಟು ಎಳೆದ್ರೂ ಬರ್ತಿಲ್ಲ" ಎಂದಳು. "ನಿಂಗಿನ್ನೂ ಶಕ್ತಿ ಸಾಲ್ದು ಮಗಳೇ" ಎಂದುಬಿಟ್ಟೆ.

ಈಗ ದಿನಾ ಹೋಗಿ ಎಳೆಯುತ್ತಿದ್ದಾಳೆ.

ಇಂತಿ,
ಆ ಗೋಡೆಯ ಪೇಂಟರ್