ಪಾವಣೆ ಎಂಟು

ಪಿಕರಿಂಗ್,
೧೨ ಏಪ್ರಿಲ್ ೨೦೨೫

ಪ್ರೀತಿಯ ಸೌಜನ್ಯಾ,

ಅವ್ವನ ಆಶೀರ್ವಾದ. ನಾನು ಆರಾಮ ಇದ್ದೇನೆ, ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ತಕರಾರು ತೆಗೆಯುತ್ತದೆ. ಮೂರು ವಾರ ನಿನ್ನ ಫೋನ್ ಎತ್ತದೆ ಇದ್ದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ಇಬ್ಬರೂ ನಡುವೆ ಬಾಯಿ ಹಾಕುತ್ತೇವೆ, ಅದಕ್ಕೇ ಈ ಕಾಗದ. ನಿಧಾನಕ್ಕಾದರೂ ಕನ್ನಡ ಓದುತ್ತೀಯಲ್ಲ, ಮಾಲ್ಟನ್ನಿನ ಶನಿವಾರದ ಕ್ಲಾಸಿಗೆ ನಿನ್ನನ್ನು ಎಳೆದುಕೊಂಡು ಹೋಗಿದ್ದು ದಂಡವಾಗಲಿಲ್ಲ.

ಸುದ್ದಿ ನಿನಗೆ ಅರ್ಧ ಗೊತ್ತಿರಬೇಕು, ನಿನ್ನ ಆಫೀಸೇ ತಾನೆ. ಆದರೆ ಆ ದಿನ ನೀನು ರಜೆ ಹಾಕಿದ್ದೆ. ಉಳಿದದ್ದನ್ನು ನನ್ನಿಂದ ಕೇಳು.

ಇಲ್ಲಿನ ಸರೋವರದ ದಂಡೆಯ ಕೆಸರಿನಿಂದ ಒಂದು ಬ್ಯಾಕ್ಟೀರಿಯಾ ತೆಗೆದು, ಅದು ಬಿಡುವ ರಸದಿಂದ ಔಷಧ ಮಾಡಲು ನನಗೆ ಒಂಬತ್ತು ವರ್ಷ ಹಿಡಿಯಿತು. ಬೇರೆ ಯಾವ ಆಂಟಿಬಯೋಟಿಕ್‌ಗೂ ಬಗ್ಗದ ರೋಗಾಣು ಇದಕ್ಕೆ ಸತ್ತಿತು. ಅಷ್ಟೂ ವರ್ಷ ಪಕ್ಕದ ಟೇಬಲ್ಲಿನಲ್ಲಿದ್ದು, ಆಮೇಲೆ ಲ್ಯಾಬಿಗೇ ಯಜಮಾನನಾದವನು, ನಿನಗೆ ಕೆಲಸ ಕೊಟ್ಟವನು, ನಮ್ಮ ಮನೆಯಲ್ಲಿ ಕೂತು ರೊಟ್ಟಿ ಎಣಗಾಯಿ ತಿಂದವನು ನಿನ್ನ ಸತ್ಯಪ್ರಕಾಶ್ ಅಂಕಲ್. ಮಾರ್ಚ್‌ನಲ್ಲಿ ಅವನು ಆ ಔಷಧವನ್ನು ತಾನೇ ಕಂಡುಹಿಡಿದದ್ದೆಂದು ಹೊಸ ಔಷಧಗಳನ್ನು ಪರಿಶೀಲಿಸುವ ಸಮಿತಿಯ ಮುಂದೆ ಇಟ್ಟ. ನನ್ನ ಹೆಸರು ಕೊನೆಯ ಪುಟದ ಕೃತಜ್ಞತೆಯಲ್ಲಿತ್ತು, ಅದೂ ಸ್ಪೆಲ್ಲಿಂಗ್ ತಪ್ಪಿ.

ಹಿಂದಿನ ಸಾಲಿನಲ್ಲಿ ಕೂತು ಟೀ ಕುಡಿದೆ. ತೆರೆಯ ಮೇಲೆ ಅವನು ತೋರಿಸಿದ ಫಲಿತಾಂಶಗಳೆಲ್ಲ ನನ್ನ ಬ್ಯಾಚಿನವು. ಸಮಿತಿಯವರು ಪರೀಕ್ಷೆ ಮಾಡಿಸಿದ್ದು ಮಾತ್ರ ಅವನೇ ತಯಾರಿಸಿದ ಬ್ಯಾಚನ್ನು. ರೋಗಾಣುಗಳ ಮೇಲೆ ಅದನ್ನು ಹಾಕಿ ನೋಡಿದ ಗಾಜಿನ ತಟ್ಟೆಗಳನ್ನು ತಂದಿಟ್ಟರು. ಒಂದು ರೋಗಾಣುವೂ ಸತ್ತಿರಲಿಲ್ಲ, ಹಬ್ಬಕ್ಕೆ ಕರೆದವರಂತೆ ತಟ್ಟೆ ತುಂಬ ಕೂತಿದ್ದವು. ನನಗೆ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಅವನು ನನ್ನ ಕಡೆ ತಿರುಗಿದ. ಗಾಬರಿಯಲ್ಲಿ ಅವನ ಉಡುಪಿ ಕನ್ನಡವೇ ಹೊರಬಂತು. "ಜ್ಯೋತ್ಸ್ನಾ, ನಿಮ್ಮ ಪುಸ್ತಕದಲ್ಲಿ ಪಿಎಚ್ ಪಾವಣೆ ಎಂಟು ಅಂತ ಉಂಟಲ್ಲ? ಎಂಟೂಕಾಲು ಅಲ್ವಾ ಅದು?"

"ಯಾವ ಪುಸ್ತಕರೀ?" ಎಂದೆ.

ಅವನು ನಾಲಿಗೆ ಕಚ್ಚಿಕೊಂಡ. ನಾನು ಚೀಲದಿಂದ ಔಷಧ ಮಾಡುವ ಕ್ರಮವನ್ನೆಲ್ಲ ಬರೆದಿಟ್ಟ ನನ್ನ ಪುಸ್ತಕ ತೆಗೆದು ಮೇಜಿನ ಮೇಲಿಟ್ಟೆ. "ಪಾವಣೆ ಎಂಟಂದ್ರ ಏಳೂ ಮುಕ್ಕಾಲರೀ. ಎಂಟಕ್ಕ ಕಾಲು ಕಮ್ಮಿ. ನಮ್ಮ ಧಾರವಾಡದ ಕಡೆ ಬಸ್ಸು ಎಷ್ಟಕ್ಕದ ಅಂತ ಕೇಳಿದ್ರ ಹಂಗ ಹೇಳ್ತಾರ. ಎಂಟು ದಾಟಿದ್ರ ಈ ಔಷಧ ಒಡದು ನೀರಾಗ್ತದ." ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ, ಅವಸರವಿಲ್ಲದೆ, ಸಮಿತಿಗೆ ಹೇಳಿದೆ.

ಅವನನ್ನು ಕೆಲಸದಿಂದ ತೆಗೆದರು. ನನ್ನ ಬ್ಯಾಚು ಪಾಸಾಯಿತು, ಔಷಧ ಇನ್ನು ನನ್ನ ಹೆಸರಿನಲ್ಲಿ ಮುಂದಕ್ಕೆ ಹೋಗುತ್ತದೆ. ಮೊನ್ನೆ ಅವನ ಹೆಂಡತಿ ಹೇಮಶ್ರೀ ಫೋನ್ ಮಾಡಿ, "ಇವರು ಸರಿ ಊಟವೇ ಮಾಡುದಿಲ್ಲ, ನೀವೊಂದು ಮಾತು ಹೇಳಿ" ಎಂದಳು. "ಹಸಿವಾದ್ರ ಉಣ್ತಾರ" ಎಂದು ಇಟ್ಟುಬಿಟ್ಟೆ. ಬೇಕಾದರೆ ನನ್ನನ್ನು ಕೆಟ್ಟವಳೆನ್ನು.

ಜಾರ್ಜ್‌ಟೌನಿನ ನಿಮ್ಮ ಮನೆಯ ಹೀಟರ್ ರಿಪೇರಿ ಆಯಿತೇ? ನಿನಗೂ ನಿನ್ನ ಗಂಡ ಅಕ್ಷತ್‌ಗೂ ಒಳ್ಳೆಯದಾಗಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅವ್ವ,
ಜ್ಯೋತ್ಸ್ನಾ

ತಾ.ಕ.: ಆ ದಿನದ ತನಕ ನನ್ನ ಪುಸ್ತಕ ಮನೆಯ ಅಲಮಾರಿ ಬಿಟ್ಟು ಹೋದದ್ದೇ ಇಲ್ಲ. ಜನವರಿಯಲ್ಲಿ ನೀನು ಬಂದು ಎರಡು ದಿನ ಇದ್ದೆ. ಮರುವಾರ ಫೋನ್ ಮಾಡಿ, "ಅವ್ವಾ, ಪಾವಣೆ ಎಂಟು ಅಂದ್ರೆ ಎಷ್ಟು? ಜಸ್ಟ್ ಕ್ಯೂರಿಯಸ್" ಎಂದೆ. ನಿನ್ನ ಜೊತೆ ಯಾವಾಗಲೂ ಇಂಗ್ಲಿಷಿನಲ್ಲೇ ಟೈಮ್ ಹೇಳಿದವಳು ನಾನು, ಆ ಮಾತು ನಿನಗೆ ಬೇರೆಲ್ಲಿ ಸಿಗಬೇಕು? ನಾನು ಬೇಕೆಂದೇ ಎಂಟೂಕಾಲು ಎಂದೆ. ನಿನಗೆ ನಾನು ಹೇಳಿದ ಮೊದಲ ಸುಳ್ಳು ಅದು. ಅವನ ತಟ್ಟೆಗಳು ಕೆಟ್ಟಾಗಲೂ, ಬೇರೇನೋ ತಪ್ಪು ಮಾಡಿಕೊಂಡಿರಬೇಕು ಎಂದುಕೊಂಡೆ. ಅವನು ಬಾಯಿ ತೆರೆದು ಎಂಟೂಕಾಲು ಎನ್ನುವವರೆಗೂ, ನೀನು ಅವನಿಗೆ ಹೇಳಿರಲಿಕ್ಕಿಲ್ಲ ಎಂದೇ ನಂಬಿದ್ದೆ.