ವೈನಿ ಬಂದ ಮೇಲೆ

ಮನೋಳಿ,
೯ ಫೆಬ್ರುವರಿ ೨೦೨೫, ರವಿವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀ? ರಾತ್ರಿ ಪಾಳಿ ಮುಗಿಸಿ ಬಂದವನು ಉಂಡು ಮಲಗುತ್ತೀಯೋ, ಬೂಟು ಸಹ ಬಿಚ್ಚದೆ ಹಾಗೇ ಬೀಳುತ್ತೀಯೋ? ಇಂಗ್ಲೆಂಡಿನ ಆ ಡರ್ಬಿಯಲ್ಲಿ ಈಗಲೂ ಸಂಜೆ ಚಹಾದ ಹೊತ್ತಿಗೇ ಕತ್ತಲಾಗುತ್ತದೆಯಂತೆ. ಬೆನ್ನುನೋವಿಗೆ ನಾನು ಹೇಳಿದ ಎಣ್ಣೆ ಹಚ್ಚುತ್ತಿಲ್ಲವೆಂದು ನನಗೆ ಗೊತ್ತು. ಅವ್ವನ ಸಕ್ಕರೆ ಹತೋಟಿಯಲ್ಲಿದೆ. ಅಪ್ಪನಿಗೆ ಕಣ್ಣಿನ ಆಪರೇಶನ್ ಆದ ಮೇಲೆ ಲೋಕವೆಲ್ಲ ಹೊಸದಾಗಿ ಕಾಣುತ್ತಿದೆ. ದಿನಾ ಮುಂಜಾನೆ ಒಂದೊಂದು ಗೋಡೆಯ ಮುಂದೆ ನಿಂತು, ತಾನೇ ಕಟ್ಟಿದ ಗೋಡೆ ಎಲ್ಲಿ ಸೊಟ್ಟಗಾಗಿದೆ ಎಂದು ಹುಡುಕುತ್ತಾನೆ. ಮೇಸ್ತ್ರಿಯಾದವನಿಗೆ ಕಣ್ಣು ಬಂದರೆ ಮನೆಯವರಿಗೆ ಸುಖವಿಲ್ಲ.

ಫೋನಿನಲ್ಲಿ ಹೇಳುವುದನ್ನು ಕಾಗದದಲ್ಲಿ ಯಾಕೆ ಬರೆಯುತ್ತಿದ್ದೇನೆ ಎನ್ನುತ್ತೀಯೇನೋ. ನೀನು ಫೋನ್ ಮಾಡಿದ ಕೂಡಲೇ ನಿನ್ನ ಹೆಂಡತಿ, ನನ್ನ ವೈನಿ ರೂತ್ ಅದನ್ನು ಸ್ಪೀಕರಿಗೆ ಹಾಕಿ ಪಡಸಾಲೆಯ ನಡುವೆ ಇಟ್ಟುಬಿಡುತ್ತಾಳೆ. ಅವ್ವ ಒಂದು ಕಡೆಯಿಂದ, ಅಪ್ಪ ಇನ್ನೊಂದು ಕಡೆಯಿಂದ ಕೂಗುತ್ತಾರೆ. ಅದರಲ್ಲಿ ನನ್ನ ಮಾತಿಗೆ ಎಲ್ಲಿಯ ಜಾಗ? ಬೈಲಹೊಂಗಲದ ಭೀಮಶಿ ಕಾಕಾನ ಮಗ ಬರುವ ವಾರ ಅಲ್ಲಿಗೆ ಬರುತ್ತಿದ್ದಾನೆ. ಶೇಂಗಾ ಚಟ್ನಿಯ ಜೊತೆ ಇದನ್ನೂ ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಚಟ್ನಿ ಮಾಡಿದವಳು ನಾನು. ಅವ್ವ ಬೇರೆ ಹೆಸರು ಹೇಳಿದರೆ ನಂಬಬೇಡ.

ನೀನು ಪ್ರತಿ ಸಲ ಕೇಳುವುದು ಒಂದೇ: “ಅಕಿ ಹೊಂದಿಕೊಂಡಾಳೇನು, ಮಿತ್ರಾ?” ನಾನು ಹೂಂ ಎಂದಷ್ಟೇ ಅನ್ನುತ್ತೇನೆ. ಇವತ್ತು ಪೂರ್ತಿ ಬರೆಯುತ್ತೇನೆ. ಹೊಂದಿಕೊಂಡಿದ್ದಾಳೆ, ಅಣ್ಣಾ. ಎಷ್ಟೆಂದರೆ ಈಗ ಈ ಮನೆಯಲ್ಲಿ ಹೊಂದಿಕೊಳ್ಳಬೇಕಾದವಳು ನಾನಾಗಿದ್ದೇನೆ.

ಹಿಂದೆಯೇ ಬಂದು ಇಲ್ಲೇ ಇರುತ್ತೇನೆಂದು ಹೇಳಿ ನೀನು ಜೂನ್‌ನಲ್ಲಿ ಅವಳೊಬ್ಬಳನ್ನೇ ಕಳಿಸಿದಾಗ, ತಿಂಗಳು ನಿಲ್ಲುವುದಿಲ್ಲ ಎಂದುಕೊಂಡಿದ್ದೆ. ಮೊದಲ ವಾರವೇ ಹೊಟ್ಟೆ ಕೆಟ್ಟಿತು. ಬಚ್ಚಲಮನೆಯಲ್ಲಿ ನಳ ಬಿಟ್ಟುಕೊಂಡು ಅಳುತ್ತಿದ್ದಳು, ನೀರಿನ ಸಪ್ಪಳಕ್ಕೆ ನಮಗೆ ಕೇಳುವುದಿಲ್ಲವೆಂದು ತಿಳಿದು. ನೆಲದ ಮೇಲೆ ಕುಂತರೆ ಏಳಲು ಬರುತ್ತಿರಲಿಲ್ಲ. ಸೀರೆಯುಟ್ಟು ಹೊಸ್ತಿಲು ದಾಟಲು ಹೋಗಿ ಅಪ್ಪನ ಮೈಮೇಲೆ ಬಿದ್ದಳು. ನನಗೆ ಒಳಗೊಳಗೇ ಸಮಾಧಾನವಾಗಿತ್ತು ಎಂದು ಬರೆದರೆ ಸಿಟ್ಟಾಗಬೇಡ. ನೀನು ಹೋದ ದೇಶಕ್ಕೆ ನಾನೂ ಹೋಗಬೇಕೆಂದು ಎಷ್ಟು ಬಡಕೊಂಡೆ, ಮನೆಯಲ್ಲಿ ಒಬ್ಬರು ಇರಬೇಕೆಂದು ನನ್ನನ್ನು ಇಲ್ಲೇ ಉಳಿಸಿದಿರಿ. ನನಗೆ ಸಿಗದ ಊರನ್ನು ಹಳೇ ಕೋಟಿನ ಹಾಗೆ ಕಳಚಿಟ್ಟು ಬಂದವಳು ಇವಳು. ಬಂದು ನನ್ನ ಊರಿನಲ್ಲೂ ನನ್ನ ಜಾಗಕ್ಕೇ ಕುಳಿತರೆ ನಾನು ಎಲ್ಲಿ ಕೂರಬೇಕು?

ಇಂಗ್ಲಿಷಿನ ಕಥೆಯನ್ನೇ ಕೇಳು. ಸವದತ್ತಿಯ ಸಾಲಿಯಲ್ಲಿ ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ್ದೇನೆ, ಆದರೆ ಇಂಗ್ಲಿಷಿನವರೊಬ್ಬರ ಜೊತೆಯೂ ಒಂದು ಮಾತು ಆಡಿದವಳಲ್ಲ. ಅವಳನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೋದ ದಿನ ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡಿದ್ದೆ. ಪ್ರಯಾಣ ಸುಖಕರವಾಗಿತ್ತೆಂದು ನಂಬಿದ್ದೇನೆ ಎಂದು ಚೆಂದಾಗಿ ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಕೈ ಮುಗಿದು, “ನಾನ್ ಆರಾಮ ಅದೀನ್ರಿ, ನೀವ್ ಆರಾಮ?” ಎಂದಳು. ಅಲ್ಲಿದ್ದ ಟ್ಯಾಕ್ಸಿಯವರೆಲ್ಲ ಅವಳಿಗೆ ಚಪ್ಪಾಳೆ ಹೊಡೆದರು. ನನ್ನ ವಾಕ್ಯ ಎಲ್ಲಿ ಹೋಯಿತೋ. ಅವತ್ತಿನಿಂದ ನಾನು ಇಂಗ್ಲಿಷಿನಲ್ಲಿ ಏನೇ ಕೇಳಿದರೂ “ಕನ್ನಡದಾಗ ಹೇಳ್ರಿ” ಎಂದು ತಪ್ಪಿಸಿಕೊಳ್ಳುತ್ತಿದ್ದಳು. ಆದರೆ ನನ್ನ ಸಾಲಿಯ ಮಕ್ಕಳು ಅವಳ ಹತ್ತಿರ ಬಂದು ಕೇಳಿಕೊಂಡು ಹೋಗಿ, “ಟೀಚರ್, ನೀವು ಕಲಿಸಿದ ಶಬ್ದ ಹಂಗ ಅನ್ನೂದಿಲ್ಲಂತ, ನಿಮ್ಮ ವೈನಿ ಹೇಳ್ಯಾರ” ಎಂದು ತರಗತಿಯಲ್ಲೇ ನನ್ನ ಮಾನ ತೆಗೆಯುತ್ತಾರೆ.

ಇನ್ನು ಅವ್ವ. ರವಿವಾರ ಮುಂಜಾನೆ ಅವ್ವನ ತಲೆಗೆ ಎಣ್ಣೆ ಹಚ್ಚಿ ಹೆಳಲು ಹಾಕುವುದು ನನ್ನ ಕೆಲಸ. ವಾರವಿಡೀ ಹೇಳದ ಮಾತನ್ನು ಆಗಲೇ ಹೇಳುತ್ತಿದ್ದಳು. ರೂತ್ ಅಲ್ಲಿ ಪಾರ್ಲರಿನಲ್ಲಿ ಹೆಂಗಸರ ಕೂದಲು ಕತ್ತರಿಸಿ ಒಪ್ಪ ಮಾಡುತ್ತಿದ್ದವಳು ತಾನೇ. ಒಂದು ರವಿವಾರ ನಾನು ಸಾಲಿಯ ತರಬೇತಿಗೆ ರಾಮದುರ್ಗಕ್ಕೆ ಹೋಗಿ ಬರುವಷ್ಟರಲ್ಲಿ ಅವ್ವನ ತಲೆ ಅವಳ ಪಾಲಾಗಿತ್ತು. “ರೂತವ್ವನ ಕೈ ಹತ್ತಿ ಇದ್ದಂಗ ಅದಾವ. ನಿನ್ನ ಕೈ ಸಾಲಿ ಹುಡುಗರ ಕಿವಿ ಹಿಂಡಿ ಹಿಂಡಿ ಬಿರಸ ಆಗ್ಯಾವ ನೋಡು” ಎಂದು ಅವ್ವ ನಕ್ಕಳು. ನಾನೂ ನಕ್ಕೆ. ಆ ದಿನ ಊಟ ಸೇರಲಿಲ್ಲ. ಅವರಿಬ್ಬರೂ ಏನು ಮಾತಾಡುತ್ತಾರೋ ದೇವರಿಗೇ ಗೊತ್ತು. ಇವಳಿಗೆ ಅರ್ಧ ಕನ್ನಡ, ಅವಳಿಗೆ ಇಂಗ್ಲಿಷ್ ಇಲ್ಲ, ಆದರೂ ಹಿತ್ತಲಿನಲ್ಲಿ ಅವರ ನಗೆ ನಿಲ್ಲುವುದಿಲ್ಲ.

ಅವ್ವನ ತಲೆ ನೋಡಿ ನಮ್ಮ ಓಣಿಯ ಹೆಂಗಸರು ಬಂದರು. ಅಪ್ಪ ಪಡಸಾಲೆಯ ಮೂಲೆಯಲ್ಲಿ ಕಟ್ಟೆ ಕಟ್ಟಿಕೊಟ್ಟ, ಬೈಲಹೊಂಗಲದಿಂದ ದೊಡ್ಡ ಕನ್ನಡಿ ತಂದ. ದೀಪಾವಳಿ ಹೊತ್ತಿಗೆ ಮೇಲಿನ ಓಣಿಯವರೂ ಬರತೊಡಗಿದರು. ಹೌದು, ಮೇಲಿನ ಓಣಿಯವರು, ನಮ್ಮ ಜಾತಿಯವರ ಮನೆಯ ನೀರು ಮುಟ್ಟದವರು. ರಾಚವ್ವ ಕಾಕು, ಯಾರ ಮನೆಯ ಗೋಡೆಯನ್ನು ಅಪ್ಪನೇ ಕಟ್ಟಿ, ಗೃಹಪ್ರವೇಶದ ಶಾಂತಿಯ ದಿನ ಹೊರಗೆ ಚಪ್ಪರದಲ್ಲಿ ಕುಳಿತು ಉಂಡು ಬಂದನೋ, ಆ ರಾಚವ್ವ ಕಾಕು ನಮ್ಮ ಹೊಸ್ತಿಲು ದಾಟಿ ನಮ್ಮ ಕುರ್ಚಿಯಲ್ಲಿ ಕುಳಿತಳು. ನಾನು ಎಂ.ಎ., ಬಿ.ಎಡ್. ಮಾಡಿದವಳು. ಅವಳ ಮಗಳು ಗೌರಿಗೆ ಹತ್ತನೆಯ ತರಗತಿಯಲ್ಲಿ ಇಂಗ್ಲಿಷ್ ಪಾಸು ಮಾಡಿಸಿದವಳು ನಾನು. ಆಗಲೂ ಕಾಕು ಬೀದಿಯಲ್ಲಿ ನಿಂತೇ “ಉಪಕಾರ ಆತು ಟೀಚರ್” ಎಂದು ಹೋಗಿದ್ದಳು. ಇವಳ ಕತ್ತರಿಗೆ ಒಳಗೇ ಬಂದಳು. ನನ್ನ ಹೊಟ್ಟೆಯಲ್ಲಿ ಬಿದ್ದ ಬೆಂಕಿಯನ್ನು ಯಾವ ಭಾಷೆಯಲ್ಲಿ ಬರೆಯಲಿ?

ಒಳಗೆ ಬಂದರೂ ಚಹಾ ಮಾತ್ರ ಮುಟ್ಟುತ್ತಿರಲಿಲ್ಲ. ರೂತ್ ಎಲ್ಲರಿಗೂ ಕಪ್ಪು ತಂದಿಡುತ್ತಿದ್ದಳು. ರಾಚವ್ವ ಕಾಕು ಚೀಲದಿಂದ ತನ್ನ ಬಾಟಲಿ ತೆಗೆದು ಎರಡು ಗುಟುಕು ಕುಡಿದು, “ಈಗ ಕುಡದ ಬಂದೇನ್ರಿ” ಎನ್ನುತ್ತಿದ್ದಳು. ಅವರು ಹೋದ ಮೇಲೆ ಅವ್ವ ತುಂಬಿದ ಕಪ್ಪುಗಳನ್ನು ಸುಮ್ಮನೆ ಮೋರಿಗೆ ಚೆಲ್ಲುತ್ತಿದ್ದಳು. “ಇವರಿಗೆ ಚಾ ಸೇರೂದಿಲ್ಲೇನು?” ಎಂದು ರೂತ್ ನನ್ನನ್ನೇ ಕೇಳಿದಳು. ಇಲ್ಲ, ಸೇರುವುದಿಲ್ಲ ಎಂದೆ. ಅವಳಿಗೆ ಗೊತ್ತಿಲ್ಲದ್ದು ಒಂದಾದರೂ ನನಗೆ ಗೊತ್ತಿರಲಿ ಎನ್ನಿಸಿತ್ತು.

ಅವರು ನಮ್ಮ ಚಹಾ ಯಾಕೆ ಮುಟ್ಟುವುದಿಲ್ಲವೆಂದು ಅವಳಿಗೆ ಹೇಳಿದವನು ಅಪ್ಪ. ಸಂಕ್ರಾಂತಿಯ ಮರುದಿನ ಅವಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, ಒಂದೊಂದೇ ಶಬ್ದ ಬಿಡಿಸಿ, ಇಟ್ಟಿಗೆ ಇಟ್ಟ ಹಾಗೆ ಹೇಳಿದ. ಅವಳ ಮುಖ ಕೆಂಪಾಯಿತು. ಮಾರನೆಯ ದಿನ ರಾಚವ್ವ ಕಾಕು ತಲೆ ತೊಳೆಸಿಕೊಂಡು ಕುರ್ಚಿಗೆ ಕುಳಿತಾಗ ರೂತ್ ಕತ್ತರಿ ಕೆಳಗಿಟ್ಟು ಕಪ್ಪು ಮುಂದೆ ಹಿಡಿದಳು. “ಮೊದಲ ಚಾ ಕುಡೀರಿ. ಆಮ್ಯಾಲ ಕಟಿಂಗ್.” ರಾಚವ್ವ ಕಾಕು ನಕ್ಕಳು. ರೂತ್ ನಗಲಿಲ್ಲ. ಕಾಕು ಹಸಿ ತಲೆಯ ಮೇಲೆ ಸೆರಗು ಹೊದ್ದು ಎದ್ದು ಹೋದಳು. ಸರತಿಯಲ್ಲಿ ಕುಳಿತಿದ್ದ ಆ ಓಣಿಯ ಇನ್ನಿಬ್ಬರೂ ಹಿಂದೆಯೇ ಎದ್ದರು.

ಅವ್ವ ಗಾಬರಿಯಾದಳು. “ಅವರ ಕೂಡ ನಾವು ಬಾಳೇ ಮಾಡಬೇಕು ರೂತವ್ವಾ, ನಿನಗ ತಿಳಿಯೂದಿಲ್ಲ” ಎಂದು ಅಳುಮುಖ ಮಾಡಿದಳು. ನನಗೆ ಆಗ ಸಿಟ್ಟು ಬಂತು ಅಣ್ಣಾ, ಎಲ್ಲಿಂದ ಬಂತೋ. ಹುಟ್ಟಿದಾಗಿನಿಂದ ನಾನು ನುಂಗಿಕೊಂಡು ಬಂದ ಮಾತನ್ನು ಇವಳು ಬಂದ ಏಳೆಂಟು ತಿಂಗಳಿಗೆ, ಅದೂ ಅರ್ಧಂಬರ್ಧ ಕನ್ನಡದಲ್ಲಿ ಆಡಿಬಿಟ್ಟಳು. ನಾನು ಆಡಬೇಕಾದ ಮಾತು ಅದು. ಅದನ್ನೂ ತೆಗೆದುಕೊಂಡಳು. ನಾನು ಇಂಗ್ಲಿಷಿನಲ್ಲೇ ಕೂಗಾಡಿದೆ. ನಿನಗೇನು, ಸಾಕಾದರೆ ವಿಮಾನ ಹತ್ತುತ್ತೀ, ನಾಳೆ ಬಾವಿಕಟ್ಟೆಯಲ್ಲಿ ಮಾತು ಕೇಳುವವಳು ನನ್ನ ತಾಯಿ ಎಂದೆ. ಅವಳೂ ಇಂಗ್ಲಿಷಿಗೇ ಇಳಿದಳು. ಮತ್ತೆ ನೀನು ಯಾಕೆ ನನಗೆ ಹೇಳಲಿಲ್ಲ, ಕೇಳಿದಾಗ ಸುಳ್ಳು ಯಾಕೆ ಹೇಳಿದೆ, ಇಷ್ಟು ದಿನ ಅವ್ವ ಆ ಕಪ್ಪು ಚೆಲ್ಲುವಾಗ ನಾನು ಪಕ್ಕದಲ್ಲಿ ನಗುತ್ತ ನಿಂತಿದ್ದೆನಲ್ಲ ಎಂದು ಅತ್ತಳು. ನನ್ನ ಜೊತೆ ಒಂದು ದಿನವಾದರೂ ಇಂಗ್ಲಿಷಿನಲ್ಲಿ ಮಾತಾಡಿದೆಯಾ, ನಾನು ಅಷ್ಟು ಕೀಳೇ ಎಂದೆ. ಆಗ ಅವಳು ಹೇಳಿದ್ದನ್ನು ಕೇಳು. ನೀನು ಪುಸ್ತಕದ ಹಾಗೆ ಮಾತಾಡುತ್ತೀ, ನಾನು ಸಾಲಿ ನಡುವೆ ಬಿಟ್ಟವಳು, ನನ್ನದು ಡರ್ಬಿಯ ಬೀದಿಯ ಇಂಗ್ಲಿಷ್, ನಿನ್ನೆದುರು ಬಾಯಿ ತೆರೆಯಲು ನಾಚಿಕೆಯಾಗುತ್ತಿತ್ತು ಎಂದಳು. ಅಷ್ಟು ಹೊತ್ತು ನಾನು ಒಂದು ಸಲವೂ ವ್ಯಾಕರಣ ನೋಡಿಕೊಳ್ಳದೆ ಜಗಳಾಡಿದ್ದೆ ಎಂಬುದು ಆಮೇಲೆ ಗೊತ್ತಾಯಿತು. ಅಪ್ಪ ಬಾಗಿಲಲ್ಲಿ ನಿಂತು, “ಮುಗೀತೇನು? ಒಂದ್ ಅಕ್ಷರ ತಿಳೀಲಿಲ್ಲ ನೋಡ್ರಿ” ಎಂದ.

ಆಮೇಲೆ ಯಾರೂ ಬರಲಿಲ್ಲ. ಕನ್ನಡಿಯ ಮೇಲೆ ರೂತ್ ಹಳೇ ಸೀರೆ ಹೊದಿಸಿದಳು. ಅವಳ ಊಟ ಕಡಿಮೆಯಾಯಿತು. ಅವ್ವ ಅವಳಿಗೆ ತುತ್ತು ಮಾಡಿ ತಿನ್ನಿಸಿದಳು. ನಾನು ಜ್ವರದಲ್ಲಿ ಮಲಗಿದಾಗ ಸಹ ನನಗೆ ಹಾಗೆ ತಿನ್ನಿಸಿದ ನೆನಪಿಲ್ಲ. ಅದೂ ನನ್ನ ಲೆಕ್ಕಕ್ಕೆ ಬಿತ್ತು.

ಹೋದ ರವಿವಾರ ರಾಚವ್ವ ಕಾಕು ಬಂದಳು. ಗೌರಿಗೆ ಮದುವೆ, ವರ ಕಿತ್ತೂರಿನವನು. ಕೈಯಲ್ಲಿ ಅರಿಷಿಣ ಕುಂಕುಮದ ಬಟ್ಟಲಿತ್ತು, ಆದರೆ ಅಂಗಳದಲ್ಲೇ ನಿಂತಿದ್ದಳು. “ರೂತಬಾಯಾರನ್ನ ಗುರುವಾರ ಮುಂಜಾನೆ ನಮ್ಮ ಮನಿಗೆ ಕಳಸ್ರಿ, ಹುಡುಗಿ ತಲಿ ಅವರ ಕೈಲೇ ಆಗಬೇಕಂತ ಹಟಾ ಮಾಡಾಕ ಹತ್ತೇತಿ” ಎಂದಳು. ರೂತ್ ಅರ್ಥವಾಗದೆ ನನ್ನ ಮುಖ ನೋಡಿದಳು. ನಾನು ಕೇಳಿದೆ, “ಒಳಗ ಕರಕೊಳ್ಳತೀರೇನು?” ಕಾಕು ಹಗುರಾಗಿ, “ಅಯ್ಯ, ಅವರನ್ನ ಯಾಕ ಕರಕೊಳ್ಳೂದಿಲ್ಲ, ಅವರು ಬ್ಯಾರೇ ದೇಶದವರು” ಎಂದಳು. ನನಗೆ ಗೊತ್ತಿಲ್ಲದೆಯೇ ಮಾತು ಬಂತು, ಅಣ್ಣಾ. “ಅಕಿ ಬ್ಯಾರೇ ದೇಶದಾಕಿ ಅಲ್ರಿ ಕಾಕೂ. ಅಕಿ ಸತ್ಯಪ್ಪ ಮೇಸ್ತ್ರಿ ಸೊಸಿ. ನಮ್ಮ ಅಣ್ಣನ ಹೇಣ್ತಿ, ನಮ್ಮ ಮನ್ಯಾಗ ಉಣ್ಣಾಕಿ. ನಾವೇನ ಅದೀವಿ, ಅಕಿನೂ ಅದ. ಕರದ್ರ ಎಲ್ಲಾರನ್ನೂ ಕರೀರಿ. ಇಲ್ಲಂದ್ರ ಗೌರಿ ಹೆಳಲ ನೀವ ಹಾಕ್ರಿ.”

ಅವ್ವ ನನ್ನ ಸೆರಗು ಜಗ್ಗಿದಳು. ರೂತ್‌ಗೆ ಎಷ್ಟು ತಿಳಿಯಿತೋ, ಬಂದು ನನ್ನ ಪಕ್ಕದಲ್ಲಿ ನಿಂತಳು. ರಾಚವ್ವ ಕಾಕು ಬಟ್ಟಲನ್ನು ಇನ್ನೊಂದು ಕೈಗೆ ಬದಲಿಸಿ ಬೀದಿಯ ಕಡೆ ತಿರುಗಿದಳು. ಹೊರಟೇಹೋಗುತ್ತಾಳೆ ಎಂದುಕೊಂಡೆ. ಒಳಗೆ ಬಂದಳು. ಮೊದಲು ಅವ್ವನ ಹಣೆಗೆ, ಆಮೇಲೆ ನನಗೆ, ಆಮೇಲೆ ರೂತ್‌ಗೆ ಕುಂಕುಮ ಹಚ್ಚಿ ಕಟ್ಟೆಯ ಮೇಲೆ ಕುಳಿತು, ಯಾರ ಮುಖವನ್ನೂ ನೋಡದೆ “ಒಂದೀಟು ಚಾ ಮಾಡ್ರಿ, ಸಕ್ಕರಿ ಕಡಿಮಿ” ಎಂದಳು. ಚಹಾಕ್ಕಿಟ್ಟವಳು ನಾನೇ, ಪಡಸಾಲೆಯ ಕಡೆಗೇ ನೋಡುತ್ತ ಹಾಲು ಒಲೆಯ ಮೇಲೆ ಉಕ್ಕಿಸಿದೆ. ಅರ್ಧ ಕಪ್ಪು ಕುಡಿದಳು. ಉಳಿದರ್ಧ ಬಿಟ್ಟಳು.

ಮದುವೆಗೆ ನಾಲ್ವರೂ ಹೋದೆವು. ಅಪ್ಪ ತಾನು ಕಟ್ಟಿದ ನಡುಮನೆಯಲ್ಲಿ ಮೊದಲ ಸಲ ನಿಂತು ಗೋಡೆ ತಟ್ಟಿ ನೋಡಿದ. ಪಂಕ್ತಿಯಲ್ಲಿ ನಮ್ಮ ಪಕ್ಕದ ಹೆಂಗಸೊಬ್ಬಳು ಎದ್ದು ಬೇರೆ ಪಂಕ್ತಿಗೆ ಹೋದಳು, ಅದನ್ನೂ ಬರೆಯಬೇಕು. ಎಲ್ಲ ನೆಟ್ಟಗಾಯಿತೆಂದು ನೀನು ತಿಳಿಯಬಾರದು. ಗೌರಿಯ ಜಡೆ ನೋಡಿ ಕಿತ್ತೂರಿನವರು ಬೆರಗಾದರು. ಹೊರಡುವಾಗ ರಾಚವ್ವ ಕಾಕು ನಾಲ್ಕು ಜನರ ಮುಂದೆ, “ರೂತಬಾಯಾರ ಕೈ ಚಾ ಏನ್ ಛಲೋ ಅಂತೀರಿ!” ಎಂದಳು. ಚಹಾ ಮಾಡಿದವಳು ನಾನು, ಅಣ್ಣಾ. ನಾನು! ರೂತ್ “ನಾನ್ ಅಲ್ರಿ, ಮಿತ್ರಾ ಮಾಡ್ಯಾಳ” ಎಂದು ಬಡಕೊಂಡಳು. ಯಾರೂ ಕೇಳಲಿಲ್ಲ. ಅವಳ ವಿನಯವನ್ನೇ ಹೊಗಳಿದರು.

ಕಾಗದ ಉದ್ದವಾಯಿತು. ಅಪ್ಪನ ಆಶೀರ್ವಾದ, ಅವ್ವನ ಮುತ್ತು. ಹೊತ್ತಿಗೆ ಸರಿಯಾಗಿ ಉಣ್ಣು, ಥಂಡಿಯಲ್ಲಿ ಕಿವಿ ಮುಚ್ಚಿಕೊಂಡು ಓಡಾಡು. ನಿನ್ನನ್ನು ಬೈಯುವ ಹಕ್ಕು ಇಟ್ಟುಕೊಂಡವಳು,

ನಿನ್ನ ತಂಗಿ
ಸಂಘಮಿತ್ರಾ

ತಾ.ಕ.: ಭೀಮಶಿ ಕಾಕಾನ ಮಗ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಬುಧವಾರ ಸಾಲಿಯ ಹೊತ್ತಿನಲ್ಲಿ ನನಗೊಬ್ಬಳಿಗೇ ಫೋನ್ ಮಾಡಿ ಹೇಳಿದೆಯಲ್ಲ, ಅಲ್ಲಿ ಬಡ್ತಿ ಸಿಕ್ಕಿದೆ, ಇಲ್ಲಿಗೆ ಬರುವ ಮನಸ್ಸಿಲ್ಲ, ರೂತ್‌ಳನ್ನು ನೀನೇ ಸಮಾಧಾನ ಮಾಡಿ ವಾಪಸು ಕಳಿಸು ಎಂದು. ಜೂನ್‌ನಲ್ಲಿ ಕೇಳಿದ್ದರೆ ಅವತ್ತೇ ಅವಳ ಪೆಟ್ಟಿಗೆ ಕಟ್ಟುತ್ತಿದ್ದೆ. ಈಗ ಆಗುವುದಿಲ್ಲ. ನಿನ್ನ ಮಾತಿನ ಮೇಲೆ ಮನೆಮಾರು ಬಿಟ್ಟು ಬಂದವಳು. ಹೇಳುವುದಿದ್ದರೆ ನೀನೇ ಬಂದು ಅವಳ ಮುಖ ನೋಡಿ ಹೇಳು. ಅವಳು ಹೋಗುತ್ತೇನೆಂದರೆ ನಾನು ತಡೆಯುವುದಿಲ್ಲ, ಇರುತ್ತೇನೆಂದರೆ ಮಾತ್ರ ನೀನು ಕರೆದರೂ ಕಳಿಸುವುದಿಲ್ಲ. ದಿನಾ ಸಂಜೆ ನಿನ್ನ ಫೋನಿಗಾಗಿ ಕಾಯುತ್ತ ಕುಳಿತಿರುತ್ತಾಳೆ, ನಾನು ಎದುರಿಗೇ ಇದ್ದರೂ. ಈಗ ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು.