ಇಬ್ಬರು ಮಿಪ್ಸಿಯರು

ಟ್ರೆಂಟನ್, ನ್ಯೂಜೆರ್ಸಿ
೧೯ ಅಕ್ಟೋಬರ್ ೧೯೯೭, ಭಾನುವಾರ

ಪ್ರೀತಿಯ ವೆಂಡೆಲ್,

ಬೆನ್ನುನೋವು ಹೇಗಿದೆ? ಅಲಾಸ್ಕಾದಲ್ಲಿ ಆಗಲೇ ಹಿಮ ಬಿದ್ದಿರಬೇಕು. ಎಣ್ಣೆಬಾವಿಯ ಕೆಲಸದಲ್ಲಿ ಭಾರ ಎತ್ತುವಾಗ ಜೋಪಾನ. "ಅಮ್ಮನಿಗೆ ಹುಷಾರಿಲ್ಲ, ನನಗೆ ರಜೆ ಸಿಗುವುದಿಲ್ಲ" ಎಂದೆಯಲ್ಲ, ಅದಕ್ಕೇ ನಾನೇ ಮೊಂಟಾನಾದಿಂದ ಕಾರಿನಲ್ಲಿ ಹೊರಟು ಬಂದೆ.

ನಮ್ಮ ಕಡೆ ಎದುರು ಬರುವವನು ಗುರುತಿಲ್ಲದಿದ್ದರೂ ಕ್ಷೇಮವೇ ಎಂಬಂತೆ ಸ್ಟಿಯರಿಂಗ್ ಮೇಲಿಂದ ಒಂದು ಬೆರಳೆತ್ತುತ್ತಾನೆ. ಷಿಕಾಗೊ ದಾಟಿದ ಮೇಲೆ ನಾನು ಹಾಗೇ ಎತ್ತಿದ್ದಕ್ಕೆ ಒಬ್ಬ ಬೇರೆ ಬೆರಳು ತೋರಿಸಿದ. ಪೆನ್ಸಿಲ್ವೇನಿಯಾದುದ್ದಕ್ಕೂ ಲಾರಿಗಳು ಬೆನ್ನಿಗೆ ಅಂಟಿಕೊಂಡೇ ಬಂದವು. ಆದರೂ ಧೈರ್ಯವಿತ್ತು. ಮದುವೆಯ ಹತ್ತನೇ ವರ್ಷಕ್ಕೆ, ನಂಬರ್ ಪ್ಲೇಟಿನಲ್ಲಿ ನಂಬರಿನ ಬದಲು ನೀನು ಬರೆಸಿಕೊಟ್ಟ ನನ್ನ ಮುದ್ದಿನ ಹೆಸರು ಕಾರಿನ ಮೇಲಿತ್ತಲ್ಲ, ಮಿಪ್ಸಿ ಎಂದು. "ಇನ್ಯಾರಿಗೂ ಸಿಗಲ್ಲ ಕಣೆ, ಸರ್ಕಾರವೇ ನಿನ್ನ ಹೆಸರಿಗೆ ಬರೆದುಕೊಟ್ಟಿದೆ" ಎಂದಿದ್ದೆ.

ಇಲ್ಲಿ ಪೆಟ್ರೋಲನ್ನು ನಾವೇ ಹಾಕಿಕೊಳ್ಳುವಂತಿಲ್ಲ. ಹಾಕಲು ಬಂದ ಮುದುಕ ಪ್ಲೇಟು ನೋಡಿ, "ಏನಮ್ಮಾ, ಕಾರು ಬದಲಾಯಿಸಿದ್ರಾ?" ಎನ್ನುತ್ತ ಬಗ್ಗಿ ನನ್ನ ಮುಖ ನೋಡಿದ. "ಓ, ನೀವಲ್ಲ. ಇದೇ ಹೆಸರಿನ ಇನ್ನೊಂದು ಗಾಡಿ ಬರುತ್ತೆ. ಅದು ನಮ್ಮ ರಾಜ್ಯದ್ದು." ಒಂದು ರಾಜ್ಯ ಒಬ್ಬರಿಗೆ ಕೊಟ್ಟ ಹೆಸರನ್ನು ಬೇರೊಂದು ರಾಜ್ಯ ಇನ್ನೊಬ್ಬರಿಗೆ ಕೊಡಬಹುದಂತೆ. ನಿನಗೆ ಅದು ಗೊತ್ತಿತ್ತು.

ಆ ಕಾರು ನಿನ್ನಮ್ಮನ ಮನೆ ಮುಂದೆಯೇ ನಿಂತಿತ್ತು. ಬಾಗಿಲು ತೆಗೆದವಳು ಕೊಲೀನ್. ಕೈಯಲ್ಲಿ ಸೂಪಿನ ಬಟ್ಟಲು, ಬೆರಳಲ್ಲಿ ಮದುವೆಯ ಉಂಗುರ. ಒಳಗಿನಿಂದ ನಿನ್ನಮ್ಮ "ಯಾರೇ ಅದು?" ಎಂದರು. "ನಾನು, ಮಿಪ್ಸಿ" ಎಂದೆ.

"ಯಾವ ಮಿಪ್ಸಿ? ದೂರದವಳಾ, ಇಲ್ಲಿಯವಳಾ?"

ಪಾಪ, ಮುಚ್ಚಿಡುವ ಶಕ್ತಿ ಆ ಜೀವದಲ್ಲಿ ಉಳಿದಿರಲಿಲ್ಲ. ಕೊಲೀನ್ ಬಟ್ಟಲನ್ನು ಅಲ್ಲೇ ನೆಲದ ಮೇಲಿಟ್ಟು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ನಾನೊಬ್ಬಳಿದ್ದೇನೆಂದು ಅವಳಿಗೂ ತಿಳಿದಿರಲಿಲ್ಲ. ಪ್ರತಿ ವಸಂತದಲ್ಲೂ ಅಮ್ಮನ ಆರೈಕೆಗೆಂದು ನಾನು ನಿನ್ನ ಬಟ್ಟೆ ಮಡಿಸಿ ನಿನ್ನನ್ನು ಕಳಿಸುತ್ತಿದ್ದೆನಲ್ಲ, ಆ ಬಟ್ಟೆ ಒಗೆದವಳು ಅವಳು. ಅವಳ ಮೇಲೆ ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ. ಆಮೇಲೆ ಇಬ್ಬರೂ ಸೇರಿ ನಿನ್ನಮ್ಮನ ಮೈ ಒರೆಸಿದೆವು, ಹಾಸಿಗೆ ಬದಲಿಸಿದೆವು. ನಿನ್ನ ಮಾತು ಹೆಚ್ಚು ಬರಲಿಲ್ಲ.

ದೇವರು ನಿನಗೆ ಆಯುಷ್ಯ ಕೊಡಲಿ. ನೆನಪಿನ ಶಕ್ತಿಯನ್ನೂ ಕೊಡಲಿ.

ಮರ್ನಾ

ಇನ್ನೊಂದು ಮಾತು: ನಿನ್ನಮ್ಮ ಗುರುವಾರ ಮಧ್ಯಾಹ್ನ ಹೋಗಿಬಿಟ್ಟರು. ನಿನ್ನೆ ಮಣ್ಣು ಮಾಡಿದೆವು. ಪಾದ್ರಿ, "ಮಗ ಬರೋವರೆಗೂ ಕಾಯೋಣವಾ?" ಎಂದು ಕೇಳಿದರು. ಕೊಲೀನ್ ನನ್ನ ಮುಖ ನೋಡಿದಳು. ಬೇಡ ಎಂದು ಇಬ್ಬರೂ ಒಟ್ಟಿಗೇ ಹೇಳಿದೆವು.